ಒಂದೇ ಸಾಕು ಅಂದುಕೊಂಡಿದ್ದೆ

ನಮ್ಮ ಬಿಲ್ಡಿಂಗಿನ ಮೀಟರ್ ಬೋರ್ಡ್ ಕೆಳಗೆ ಹುಟ್ಟಿದ ನಾಲ್ಕು ಬೆಕ್ಕಿನ ಮರಿಗಳಲ್ಲಿ ಉಳಿದದ್ದು ಎರಡೇ. ಒಂದು ಬೂದು, ಇನ್ನೊಂದು ಕಪ್ಪು. "ನಿನ್ನ ನೀನು ನೋಡ್ಕೊಳ್ಳೋದೇ ಹೆಚ್ಚು, ಒಂದೇ ಸಾಕು" ಅಂದ್ರು ಅಮ್ಮ ಫೋನಲ್ಲಿ. ಲಸಿಕೆ, ಆಪರೇಷನ್, ಊಟ ಎಲ್ಲಾ ಡಬಲ್ ಅಂತ ನಾನೂ ಲೆಕ್ಕ ಹಾಕಿ ಬೂದು ಮರಿಯನ್ನಷ್ಟೇ ತಂದೆ. 2 ತಿಂಗಳ ಗಂಡು.

ನಾನು ಆಫೀಸಿನಿಂದ ಬರೋದು ರಾತ್ರಿ 8ಕ್ಕೆ. ಅಲ್ಲಿವರೆಗೆ ಮಲಗಿದ್ದು, ನಡುರಾತ್ರಿ ನನ್ನ ಕಾಲಿಗೆ ಬಾಯಿ ಹಾಕುತ್ತಿತ್ತು. ಕೈಯೆಲ್ಲ ಗೀರು. "ಎಷ್ಟು ಕಚ್ಚಬೇಕು ಅಂತ ಮರಿಗಳು ಕಲಿಯೋದೇ ಒಡಹುಟ್ಟಿದವುಗಳ ಜೊತೆ ಆಡ್ತಾ. ಜೋರಾಗಿ ಕಚ್ಚಿದ್ರೆ ಇನ್ನೊಂದು ಕಿರುಚಿ ಆಟ ಬಿಡುತ್ತೆ" ಅಂದ್ರು ಡಾಕ್ಟರ್.

ಅವತ್ತೇ ಕಪ್ಪು ಮರಿಯನ್ನ ಹುಡುಕಿದೆ. ಇರಲಿಲ್ಲ. ಮೂರನೇ ದಿನ ಚರಂಡಿ ಪಕ್ಕ ಸಿಕ್ಕಿತು, ಒಂದು ಕಣ್ಣು ಗೀಜುಗಟ್ಟಿ ಅಂಟಿಕೊಂಡಿತ್ತು. ಇಷ್ಟು ದಿನಕ್ಕೇ ತಂಗಿಯ ವಾಸನೆ ಮರೆತ ಅಣ್ಣ, ನೋಡಿದ್ದೇ ಬುಸ್ ಅಂದ! ಕಣ್ಣು ವಾಸಿಯಾಗೋವರೆಗೆ ಬೇರೆ ರೂಮಲ್ಲಿಟ್ಟೆ.

ಈಗ ಎರಡೂ ಮಲಗೋದು ಒಂದೇ ರಟ್ಟಿನ ಡಬ್ಬದಲ್ಲಿ. ಹೆಣ್ಣು ಬೆಕ್ಕು 4-5 ತಿಂಗಳಿಗೇ ಗಬ್ಬ ಆಗಬಹುದಂತೆ, ಅಣ್ಣ-ತಂಗಿ ಅನ್ನೋದೆಲ್ಲ ಅವಕ್ಕಿಲ್ಲ. ಆಪರೇಷನ್ ಡೇಟ್ ಕ್ಯಾಲೆಂಡರಲ್ಲಿ ಬರೆದಿಟ್ಟಿದ್ದೀನಿ. ಕೈಮೇಲಿನ ಗೀರು ಮಾಯುತ್ತಿವೆ. ಓನರ್ ಆಂಟಿ ಲೆಕ್ಕದಲ್ಲಿ ಮಾತ್ರ ನಮ್ಮನೇಲಿರೋದು ಇನ್ನೂ ಒಂದೇ ಬೆಕ್ಕು.