ಕಲ್ಲು ಸೇತುವೆಯ ಊರಿನಲ್ಲಿ

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ರೇಗೆನ್ಸ್‌ಬುರ್ಗ್ ಎಂಬ ಪುರಾತನ ನಗರವಿದೆ. ಅಲ್ಲಿಗೆ ಬಂದ ಪ್ರವಾಸಿಯು ಮೊದಲು ನೋಡಲು ಹೊರಡುವುದು ಅಲ್ಲಿನ ಕಲ್ಲು ಸೇತುವೆಯನ್ನು. ಕ್ರಿ. ಶ. ೧೧೩೫ರ ಸುಮಾರಿಗೆ ಆರಂಭವಾಗಿ ಹನ್ನೊಂದು ವರ್ಷಗಳಲ್ಲಿ ಮುಗಿದ ಈ ಸೇತುವೆಯ ಕಮಾನುಗಳ ಕೆಳಗೆ ಹೊಳೆಯು ಇಂದಿಗೂ ಸುಳಿಸುಳಿಯಾಗಿ ಭೋರ್ಗರೆಯುತ್ತದೆ. ಮೊದಲು ದಾಟುವ ಮೂರು ಜೀವಗಳನ್ನು ಒಪ್ಪಿಸುವೆನೆಂದು ಸೈತಾನನಿಗೆ ಮಾತು ಕೊಟ್ಟು ಅವನ ನೆರವು ಪಡೆದ ಶಿಲ್ಪಿಯು, ಕೊನೆಗೆ ಒಂದು ಹುಂಜ, ಒಂದು ಕೋಳಿ, ಒಂದು ನಾಯಿಯನ್ನು ಸೇತುವೆಯ ಮೇಲೆ ಅಟ್ಟಿ ಅವನನ್ನು ವಂಚಿಸಿದನೆಂದು ಐತಿಹ್ಯ.

ಸೈತಾನನನ್ನು ವಂಚಿಸಿದ ಸೇತುವೆಗೂ ಕಾಲನನ್ನು ವಂಚಿಸಲಾಗಲಿಲ್ಲ. ೧೯೪೫ರಲ್ಲಿ ಯುದ್ಧದ ಕೊನೆಯ ದಿನಗಳಲ್ಲಿ ಅದರ ಒಂದು ಭಾಗವನ್ನು ಸಿಡಿಸಲಾಯಿತು. ಆ ಗಾಯ ಪೂರ್ತಿ ಮಾಗಿದ್ದು ೧೯೬೭ರಲ್ಲಿ. ಆಮೇಲೆ ವಾಹನಗಳ ಭಾರ, ಒಳಕ್ಕೆ ಇಳಿಯುವ ನೀರು, ಚಳಿಗಾಲದಲ್ಲಿ ಹಿಮ ಕರಗಿಸಲು ಚೆಲ್ಲುವ ಉಪ್ಪು ಇವೆಲ್ಲ ಕಲ್ಲನ್ನು ತಿನ್ನತೊಡಗಿದವು. ನಗರದವರು ಬಿರುಕಿಗೆ ಗಾರೆ ಮೆತ್ತಿ ಸುಮ್ಮನಾಗಲಿಲ್ಲ. ೧೯೯೭ರಲ್ಲಿ ಕಾರುಗಳನ್ನೂ ೨೦೦೮ರಲ್ಲಿ ಬಸ್ಸುಗಳನ್ನೂ ಸೇತುವೆಯಿಂದ ದೂರ ಮಾಡಿದರು. ೨೦೧೦ರಿಂದ ೨೦೧೮ರ ವರೆಗೆ ಕೂಲಂಕಷವಾಗಿ ದುರಸ್ತಿ ಮಾಡಿ, ನೀರು ಇಳಿಯುವ ದಾರಿಯನ್ನೇ ತಡೆದರು.

ಇದೇ ನಗರದ ಹೊರವಲಯದ ಹಾರ್ಟಿಂಗ್ ಎಂಬಲ್ಲಿ ೧೯೮೬ರಿಂದ ಬಿ.ಎಂ.ಡಬ್ಲ್ಯು. ಸಂಸ್ಥೆಯ ಮೋಟಾರು ಕಾರ್ಖಾನೆಯಿದೆ. ೨೦೦೦ದಿಂದ ೨೦೦೬ರ ವರೆಗೆ ಇಲ್ಲಿ ತಯಾರಾದ ಎಂ-೩ ಎಂಬ ಕಾರು ವೇಗಪ್ರಿಯರ ಕಣ್ಮಣಿಯಾಗಿತ್ತು. ಒಂದೇ ಸಾಲಿನ ಆರು ಸಿಲಿಂಡರುಗಳ ಅದರ ಎಂಜಿನ್ನು ೩೪೩ ಅಶ್ವಶಕ್ತಿಯನ್ನು ಹೊಮ್ಮಿಸುತ್ತದೆ. ಲಾರಿಗಿರುವಂತೆ ಇದಕ್ಕೆ ಪ್ರತ್ಯೇಕ ಚಾಸಿಯಿಲ್ಲ. ತಗಡಿನ ಮೈಯೇ ಇದರ ಅಸ್ಥಿಪಂಜರ. ಹಿಂದಿನ ಚಕ್ರಗಳನ್ನೂ ಅವುಗಳಿಗೆ ಬಲ ಹಂಚುವ ಗೇರುಪೆಟ್ಟಿಗೆಯನ್ನೂ ಹೊತ್ತ ಉಕ್ಕಿನ ಚೌಕಟ್ಟನ್ನು, ನಾಲ್ಕು ಕಡೆ ಬೋಲ್ಟು ಬಿಗಿದು ಆ ಮೈಯ ತಳದ ತಗಡಿಗೆ ತೂಗುಹಾಕಿದ್ದಾರೆ. ಚಾಲಕನು ವೇಗದ ಪೆಡಲನ್ನು ಒತ್ತಿದಾಗ ಚೌಕಟ್ಟು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಕಾಲು ತೆಗೆದಾಗ ಇನ್ನೊಂದು ಕಡೆಗೆ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಅದು ಕೊನೆಗೆ ತುಂಡಾಗುವುದಷ್ಟೆ? ಹಾಗೆಯೇ ತಗಡೂ ದಣಿಯುತ್ತದೆ. ಚುಕ್ಕೆ ಬೆಸುಗೆಗಳು ಬಿಡುತ್ತವೆ. ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡುತ್ತದೆ.

ಮೇಲಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಇದೆಲ್ಲ ನಡೆಯುತ್ತದೆ. ಹಿಂದಿನಿಂದ ಕೇಳುವ ಒಂದು 'ಟಕ್' ಎಂಬ ಸದ್ದೇ ಕೆಲವೊಮ್ಮೆ ಮೊದಲ ಎಚ್ಚರಿಕೆ. ಬಿರುಕಿನ ಮೇಲೆ ಕಪ್ಪು ಲೇಪ ಬಳಿದು ಕಾರನ್ನು ಮಾರಿಬಿಡುವುದು ಸುಲಭ. ಅದು ಗೆದ್ದಲು ತಿಂದ ಕಂಬಕ್ಕೆ ಸುಣ್ಣ ಹೊಡೆದಂತೆ. ಮೇಲೆ ಥಳುಕು, ಒಳಗೆ ಹುಳುಕು. ಕೊಂಡವನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟಾಗ ಆ ಲೇಪ ಯಾರನ್ನೂ ಕಾಯಲಾರದು.

ಬಲ್ಲ ಬೆಸುಗೆಗಾರನ ದಾರಿಯೇ ಬೇರೆ. ಅವನು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಹಿಂದಿನ ಆಸನ, ನೆಲಹಾಸು, ಹೊಗೆಕೊಳವೆ, ಚೌಕಟ್ಟು ಎಲ್ಲವನ್ನೂ ಬಿಚ್ಚುತ್ತಾನೆ. ಕಿಡಿ ತಗಲದಂತೆ ಪೆಟ್ರೋಲಿನ ತೊಟ್ಟಿಯನ್ನೂ ಕಳಚಿಡುತ್ತಾನೆ. ತಳದ ಲೇಪವನ್ನು ಕೆರೆದು ಬರಿಯ ಲೋಹವನ್ನು ಹೊರಗೆಡಹುತ್ತಾನೆ. ಅದರ ಮೇಲೆ ಕೆಂಪು ದ್ರವ ಸವರಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿದರೆ, ಕಣ್ಣಿಗೆ ಕಾಣದ ಬಿರುಕೂ ಕೆಂಪುಗೆರೆಯಾಗಿ ಎದ್ದು ತೋರುತ್ತದೆ. ಆ ಗೆರೆಯ ತುದಿಯಲ್ಲಿ ಒಂದು ಸಣ್ಣ ರಂಧ್ರ ಕೊರೆಯುತ್ತಾನೆ. ಒತ್ತಡವೆಲ್ಲ ಬಂದು ಸೇರುವುದು ಬಿರುಕಿನ ಚೂಪು ತುದಿಯಲ್ಲಿ. ತುದಿ ದುಂಡಾದರೆ ಬಿರುಕಿನ ಓಟ ನಿಲ್ಲುತ್ತದೆ. ಅನಂತರವೇ ಬೆಸುಗೆ. ತಗಡು ತೆಳುವಾದ್ದರಿಂದ ಕಾವು ಒಂದೇ ಕಡೆ ಏರಿ ಸೊಟ್ಟಗಾಗದಂತೆ, ಸ್ವಲ್ಪ ಸ್ವಲ್ಪವಾಗಿ ಬೆಸೆಯಬೇಕು. ತೀರ ಹರಿದಿದ್ದರೆ ಆ ತಗಡನ್ನೇ ಕತ್ತರಿಸಿ ಹೊಸದನ್ನು ಕೂರಿಸಬೇಕು.

ಇಷ್ಟಕ್ಕೆ ನಿಲ್ಲಿಸುವವನು ಅರ್ಧ ಕೆಲಸ ಮಾಡಿದವನು. ಬಿರುಕು ಮುಚ್ಚಿತು, ಬಿರುಕಿಗೆ ಕಾರಣವಾದ ತಿರುಚು ಹಾಗೆಯೇ ಉಳಿಯಿತು. ಆದ್ದರಿಂದ ನಾಲ್ಕು ಬೋಲ್ಟುಗಳ ಸುತ್ತಲೂ ಉಕ್ಕಿನ ಫಲಕಗಳನ್ನು ಬೆಸೆಯುತ್ತಾರೆ. ಫಲಕವೊಂದೇ ಇದ್ದರೆ ಒತ್ತಡವು ಅದರ ಅಂಚಿಗೆ ಸರಿದು ಅಲ್ಲಿ ಮತ್ತೆ ಸೀಳಬಹುದು. ಇದನ್ನರಿತವರು ಮೇಲ್ಗಡೆಯಿಂದಲೂ ಊರುಗಳನ್ನು ಕೊಟ್ಟು, ಭಾರವನ್ನು ಇಕ್ಕೆಲದ ದಪ್ಪ ತೊಲೆಗಳಿಗೆ ಹಂಚುತ್ತಾರೆ. ಸವೆದ ರಬ್ಬರು ಬುಷ್ಷುಗಳನ್ನು ಬದಲಿಸಿ, ಬೆಸುಗೆಗೆ ತುಕ್ಕುನಿರೋಧಕ ಬಣ್ಣ ಬಳಿದು, ಟೊಳ್ಳುಗಳಿಗೆ ಮೇಣ ಎರಚಿ, ಕಡೆಗೆ ಚಕ್ರಗಳ ನೇರವನ್ನು ಅಳೆದು ಸರಿಪಡಿಸುತ್ತಾರೆ. ಇಷ್ಟೆಲ್ಲ ಶ್ರಮದ ಗುರುತು ಹೊರಗೆ ಎಲ್ಲಿಯೂ ಕಾಣದು. ಕಾರು ನಿನ್ನೆಯಂತೆಯೇ ಇಂದೂ ಕಾಣುತ್ತದೆ; ಆ 'ಟಕ್' ಎಂಬ ಸದ್ದು ಮಾತ್ರ ಇರುವುದಿಲ್ಲ.

ರೇಗೆನ್ಸ್‌ಬುರ್ಗಿನ ಸೇತುವೆಯಲ್ಲಿಯೂ ಹಾಗೆಯೇ. ಹಾಸುಗಲ್ಲಿನ ಕೆಳಗೆ ನೀರನ್ನು ತಡೆಯುವ ಪದರವಿದೆಯೆಂದು ಅದರ ಮೇಲೆ ನಡೆಯುವವರು ನೆನೆಯುವುದಿಲ್ಲ. ಸಂಜೆಯ ಹೊತ್ತು ತಾಯಂದಿರು ಮಕ್ಕಳ ಕೈ ಹಿಡಿದು ಹೊಳೆಯನ್ನು ನೋಡುತ್ತ ನಿಲ್ಲುತ್ತಾರೆ. ತಮ್ಮ ಕಾಲಿನ ಕೆಳಗಿರುವುದನ್ನು ಯಾರೋ ನಂಬಿಕೆಗೆ ತಕ್ಕಂತೆ ಸರಿಪಡಿಸಿದ್ದಾರೆಂಬ ಧೈರ್ಯದಿಂದ, ಆ ಧೈರ್ಯದ ಅರಿವೂ ಇಲ್ಲದೆ, ಅವರು ನಿಶ್ಚಿಂತೆಯಿಂದ ಆಚೆಯ ದಡಕ್ಕೆ ನಡೆದುಹೋಗುತ್ತಾರೆ.