ನಾಲ್ಕುನೂರು ಅಡಿಯ ಅರಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳಿದ್ದು ಕಟ್ಟುವವರಿಗಾಯಿತು. ಈಗಿನ ಮಂದಿ ಕಟ್ಟುವುದೆಲ್ಲಿ ಬಂತು? ಕಟ್ಟಿದ್ದನ್ನು ಕೊಳ್ಳುತ್ತಾರೆ. ಅದೂ ನೆಲದ ಮೇಲಲ್ಲ, ಮೂರನೆಯ ಅಂತಸ್ತಿನಲ್ಲಿ. ಹಾಗೆ ಕೊಳ್ಳುವ ಮಾತು ನಮ್ಮ ತವರಿನ ಬಾಗಿಲಿಗೇ ಬಂದಾಗ ಏನೇನಾಯಿತು ಅನ್ನುವುದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿತು.

ನನ್ನ ತಂಗಿ ಬೆಂಗಳೂರು ಸೇರಿ ಹನ್ನೆರಡು ವರ್ಷವಾಯಿತು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಇರುವುದು ಮಲ್ಲೇಶ್ವರದಲ್ಲಿ, ಬಾಡಿಗೆ ಮನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಗಾಳಿ ಬೆಳಕು ಇರಲಿ ಅಂತ ಅಗಲವಾದ ರಸ್ತೆ ಹಾಕಿ ಬೆಳೆಸಿದ ಬಡಾವಣೆಯಂತೆ ಅದು. ಮರ, ಗುಡಿ, ಎಂಟನೆಯ ಅಡ್ಡರಸ್ತೆಯ ಹೂವಿನ ಸಾಲು, ಎಲ್ಲ ಚೆಂದ. ಆದರೆ ಅಲ್ಲಿ ಸ್ವಂತ ಮನೆ ಅಂದರೆ ನಮ್ಮಂಥವರಿಗೆ ಕನಸೇ ಸರಿ.

ಆರು ತಿಂಗಳ ಹಿಂದೆ ಅವಳಿಂದ ಫೋನು. "ಅಕ್ಕಾ, ಒಂದು ಫ್ಲ್ಯಾಟ್ ಮಾರ್ಲಕ್ಕ ಬಂದದ. ಡಿಸೈನರ್ ಕೈಲಿಂದ ಪೂರಾ ಹೊಸದು ಮಾಡಿಸ್ಯಾರ. ತೊಂಬತ್ತು ಲಕ್ಷ ಅಂತಾರ. ಅವ್ವನ್ನ ಕರಕೊಂಡು ನೋಡ್ಲಕ್ಕ ಬಾ."

ಅವ್ವನನ್ನು ಯಾಕೆ ಕರೆದಳು ಅಂತ ಆಮೇಲೆ ತಿಳಿಯಿತು. ಬ್ಯಾಂಕಿನವರು ಇಂಥ ಬೆಲೆಗೆ ಹೆಚ್ಚೆಂದರೆ ನೂರಕ್ಕೆ ಎಂಬತ್ತು, ಅಂದರೆ 72 ಲಕ್ಷ ಸಾಲ ಕೊಟ್ಟಾರು. ಉಳಿದ 18 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಇಮ್ಮಡಿಯಾಗಿ ನೂರಕ್ಕೆ 2 ಆಗಿರುವ ನೋಂದಣಿ ಶುಲ್ಕ, ಎಲ್ಲ ಸೇರಿ ಮತ್ತೆ ಏಳು ಲಕ್ಷದ ಹತ್ತಿರ. ಒಟ್ಟು 25 ಲಕ್ಷ. ನಂದೂರಿನ ನಮ್ಮ ಮನೆಗೆ ಒಬ್ಬರು 28 ಲಕ್ಷ ಕೇಳಿದ್ದರು!

ನಂದೂರು ಈಗ ಮೊದಲಿನ ಹಳ್ಳಿಯಲ್ಲ. ಕಲಬುರಗಿ ನಗರ ಬೆಳೆಯುತ್ತ ಬಂತು, ಪಕ್ಕದಲ್ಲೇ ಕೈಗಾರಿಕಾ ಪ್ರದೇಶ ಬಂತು, ಜಾಗಕ್ಕೆ ಬೆಲೆ ಬಂತು. ಆ ಮನೆ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿದ್ದು. ಮರಣಪತ್ರ ಬರೆದಿಟ್ಟು ಹೋಗಲಿಲ್ಲ. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವ್ವನಿಗೆ, ನನಗೆ, ತಂಗಿಗೆ ಸಮಪಾಲು. ಮೂವರ ಸಹಿ ಬಿದ್ದರೇ ಪೂರಾ ಮನೆ ಮಾರಬಹುದು. ಮೂವರ ಪಾಲೂ ಸೇರಿದರೇ ತಂಗಿಯ ಕೆಲಸ ಆಗುವುದು. "ಅವ್ವನ್ನ ನಾವೇ ಇಟ್ಕೋತೀವಿ" ಅಂದಿದ್ದಳು. ಮಗಳಾಗಿ ಆಡಿದ ಮಾತೇ, ಸುಳ್ಳಲ್ಲ.

ರಾತ್ರಿ ಗಾಡಿಗೆ ಹೊರಟೆವು. ಬೆಳಿಗ್ಗೆ ಸ್ನಾನ ತಿಂಡಿ ಮುಗಿಸಿ ಫ್ಲ್ಯಾಟ್ ನೋಡಲು ಹೋದರೆ, ಅಬ್ಬಾ! ಕಣ್ಣಿಗೆ ಹಬ್ಬ. ಅಡಿಗೆಮನೆ, ಹಾಲು ಎರಡರ ನಡುವಿನ ಗೋಡೆ ತೆಗೆದು ಒಂದೇ ಮಾಡಿದ್ದಾರೆ. ಒಂದು ಗೋಡೆ ತುಂಬ ಕನ್ನಡಿ, ಅದರಿಂದ ಕೋಣೆ ಇಮ್ಮಡಿಯಾಗಿ ಕಾಣುತ್ತದೆ. ಮಂಚ ಬೆಳಿಗ್ಗೆ ಮಡಿಸಿದರೆ ಗೋಡೆಯೊಳಗೆ ಹೋಗಿ ಬೀರುವಿನಂತೆ ನಿಲ್ಲುತ್ತದೆ. ಮೇಲೆ ಫಾಲ್ಸ್ ಸೀಲಿಂಗು, ಅದರ ಸಂದಿಯಲ್ಲಿ ಹಳದಿ ದೀಪ. ತಂಗಿಯ ಮುಖದಲ್ಲೂ ಅದೇ ದೀಪ ಹತ್ತಿತ್ತು.

ಅವ್ವ ಎಲ್ಲ ಸುಮ್ಮನೆ ನೋಡಿದಳು. ಆಮೇಲೆ ಒಂದೊಂದೇ ಕೇಳತೊಡಗಿದಳು.

"ರೊಟ್ಟಿ ಬಡೀಬೇಕಾದ್ರ ಹಿಟ್ಟು ಹಾರ್ತದ, ಹೊಗಿ ಆಗ್ತದ. ಅಡಗಿಮನಿಗಿ ಗ್ವಾಡಿನೇ ಇಲ್ಲಲ್ಲ?"

"ಅಮ್ಮ, ಇದು ಓಪನ್ ಕಿಚನ್. ಈಗ ಎಲ್ಲರೂ ಇದನ್ನೇ ಇಷ್ಟಪಡ್ತಾರೆ" ಅಂದ ದಲ್ಲಾಳಿ ಹುಡುಗ.

"ಜೋಳದ ಚೀಲ ಎಲ್ಲಿಡ್ತಾರ? ಹಪ್ಪಳ ಎಲ್ಲಿ ಒಣಗಸ್ತಾರ?"

ಹುಡುಗ ಬಾಲ್ಕನಿ ತೋರಿಸಿದ. ನೆಲಕ್ಕೆ ಬೂದು ಬಣ್ಣದ ಒರಟು ಕಲ್ಲು. "ಇದು ನ್ಯಾಚುರಲ್ ಸ್ಟೋನು, ತುಂಬ ದುಬಾರಿ" ಅಂದ. ಅವ್ವ ಬಗ್ಗಿ ಅಂಗೈಯಿಂದ ಸವರಿ ನಕ್ಕಳು. "ಇದು ನಮ್ಮ ಶಹಾಬಾದ ಪರಸಿ ಅಲ್ಲೇನೋ ತಮ್ಮಾ? ನಮ್ಮ ಮನ್ಯಾಗ ದನದ ಕೊಟ್ಟಗಿಗೂ ಇದೇ ಹಾಸೀವಿ!"

ನನಗೂ ನಗು ಬಂತು. ನಮ್ಮ ಭೀಮಾ ಸೀಮೆಯಲ್ಲಿ ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ನೆಲಕ್ಕೆ, ಗೋಡೆಗೆ, ಮಾಳಿಗೆಗೆ ಎಲ್ಲಕ್ಕೂ ಅದೇ. ಬೇಸಿಗೆಯಲ್ಲಿ ಅದರ ಮೇಲೆ ನೀರು ಚಿಮುಕಿಸಿ ಮಲಗಿ ಬೆಳೆದವರು ನಾವು. ಬೆಂಗಳೂರಿಗೆ ಬಂದ ಮೇಲೆ ಅದೂ ದೊಡ್ಡ ಮನುಷ್ಯರ ಸಾಲಿಗೆ ಸೇರಿದೆ.

ನನ್ನ ಚೀಲದಲ್ಲಿ ಹೊಲಿಗೆಯ ಟೇಪು ಸದಾ ಇರುತ್ತದೆ. ಸುಮ್ಮನಿರಲಾರದೆ ಅಳೆದೆ. ಕಾಗದದಲ್ಲಿ 620 ಚದರ ಅಡಿ. ಒಳಗೆ ಕಾಲಿಡುವ ಜಾಗ ಒಟ್ಟು 400 ದಾಟಲಿಲ್ಲ. ಉಳಿದದ್ದು ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟು, ಓಣಿಯ ಪಾಲು. 620ರ ಲೆಕ್ಕದಲ್ಲಿ ಅಡಿಗೆ ಹದಿನಾಲ್ಕೂವರೆ ಸಾವಿರ. ಓಡಾಡುವ ಜಾಗದ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಸಾವಿರ! ಹೊಸ ಕಟ್ಟಡ ಮಾರುವವರು ಒಳಗಿನ ಅಳತೆಯನ್ನೇ ಹೇಳಬೇಕು ಅಂತ 2016ರ ರೇರಾ ಕಾಯ್ದೆ ಬಂದಿದೆ. ಹಳೆಯ ಫ್ಲ್ಯಾಟ್ ಮರುಮಾರಾಟಕ್ಕೆ ಬಂದಾಗ ಟೇಪು ನಾವೇ ಹಿಡಿಯಬೇಕು.

ಅಷ್ಟರಲ್ಲಿ ಅವ್ವ ಕೋಣೆಯ ಮೂಲೆಯಲ್ಲಿ ನಿಂತು, "ಇಲ್ಲಿ ನೀರಿನ ವಾಸನಿ ಬರ್ಲತ್ತದ" ಅಂದಳು. ಐವತ್ತು ಮಳೆಗಾಲ ಮಾಳಿಗೆ ಸೋರುವುದನ್ನು ಕಾದವಳ ಮೂಗು ಅದು. ಫಾಲ್ಸ್ ಸೀಲಿಂಗಿನಲ್ಲಿ ದೀಪದ ಪಕ್ಕ ಸಣ್ಣ ಮುಚ್ಚಳವಿತ್ತು. ತೆಗೆಸಿ ನೋಡಿದರೆ ಒಳಗಿನ ಚಾವಣಿಯಲ್ಲಿ ಹರಿವಾಣದಷ್ಟು ಅಗಲದ ಕಂದು ಕಲೆ. ಮೇಲಿನ ಮನೆಯ ಬಚ್ಚಲ ನೀರು. ಗೋಡೆ ತೆಗೆಯುವಾಗ ಎಂಜಿನಿಯರಿಗೆ ತೋರಿಸಿದ್ದರೇ, ಕಟ್ಟಡದ ಸಂಘದವರ ಒಪ್ಪಿಗೆ ಇತ್ತೇ, ಒಳಗಿನ ನಳ ವೈರು ಹೊಸದೇ ಅಂತ ಕೇಳಿದೆ. ಹುಡುಗ "ಓನರ್‌ನ ಕೇಳಿ ಹೇಳ್ತೀನಿ ಮೇಡಂ" ಅಂದ.

ರಾತ್ರಿ ಊಟವಾದ ಮೇಲೆ ತಂಗಿ ಮಾತು ತೆಗೆದಳು. "ಸೋರೋದು ರಿಪೇರಿ ಆಗ್ತದಕ್ಕಾ. ಪ್ರತಿ ಸಲ ಮಾಲೀಕರು ಖಾಲಿ ಮಾಡ್ರಿ ಅಂದಾಗ ಮಕ್ಕಳ ಸಾಲಿ, ಸಾಮಾನು, ನನಗ ಸಾಕಾಗ್ಯದ. ಕಟ್ಟಿದ ಬಾಡಿಗಿ ಒಂದು ರೂಪಾಯಿ ತಿರುಗಿ ಬರಂಗಿಲ್ಲ." ಅವಳ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಉತ್ತರ ಬರಲಿಲ್ಲ.

ಉತ್ತರ ಕೊಟ್ಟವಳು ಅವ್ವ. "ಇಟ್ಕೋತೀವಿ ಅಂತಿ, ಖರೇ. ಎಲ್ಲಿ ಇಟ್ಕೋತಿ ತಂಗಿ? ಆ ಗ್ವಾಡ್ಯಾಗಿನ ಮಂಚದಾಗ? ಮುಂಜಾನಿ ಮಡಚಿದ್ರ ನಾನೂ ಒಳಗ!" ಎಲ್ಲರೂ ನಕ್ಕೆವು. ಆಮೇಲೆ ಅವ್ವ ಮೆಲ್ಲಗೆ, "ನನ್ನ ಜೀವ ಇರೋತನ ಆ ಮನಿ ಇರ್ಲಿ. ಮುಂದ ನೀವಿಬ್ರೂ ಏನರ ಮಾಡ್ರಿ" ಅಂದಳು. ನಾನೂ ಬಾಯಿ ಬಿಟ್ಟು ಹೇಳಿದೆ: "ಅವ್ವ ಒಲ್ಲೆ ಅಂದ ಮೇಲೆ ನನ್ನ ಸಹಿನೂ ಇಲ್ಲ."

ತಂಗಿ ಎದ್ದು ಒಳಗೆ ಹೋದಳು. ಮೂರು ವಾರ ಫೋನಿಲ್ಲ. ಆ ಮೂರು ವಾರ ನನಗೆ ಊಟ ರುಚಿಸಲಿಲ್ಲ ಅಂದರೆ ನಂಬುತ್ತೀರಾ? ಅಕ್ಕ ತಂಗಿಯರ ನಡುವೆ ಆಸ್ತಿಯ ಮಾತು ಬರಬಾರದು ಅನ್ನುತ್ತಾರೆ. ಬಂದಾಗ ಮುಖ ಕೆಟ್ಟರೂ ಸರಿ, ಸ್ಪಷ್ಟವಾಗಿ ಹೇಳುವುದೇ ಮೇಲು ಅಂತ ನನ್ನ ಅಭಿಪ್ರಾಯ. ಮುಲಾಜಿಗೆ ಸಹಿ ಮಾಡಿ ಮುಂದೆ ಜೀವಮಾನವೆಲ್ಲ ಕೊರಗುವುದು ಬೇಡ.

ನಾಲ್ಕನೆಯ ವಾರ ಅವಳದೇ ಫೋನು. ಸದ್ಯ ಕೂಡಿಡುತ್ತಾರಂತೆ. ಸ್ವಲ್ಪ ದೂರದಲ್ಲಿ ಅಲಂಕಾರವಿಲ್ಲದ ಹಳೆಯ ಫ್ಲ್ಯಾಟುಗಳನ್ನು ನೋಡುತ್ತಿದ್ದಾರಂತೆ. ಬಣ್ಣ, ಕಪಾಟು ನಿಧಾನವಾಗಿ ಮಾಡಿಸಿಕೊಂಡರಾಯಿತು ಅಂದಳು. "ನೋಡ್ಲಕ್ಕ ಹೋದಲ್ಲೆಲ್ಲ ಮೊದಲು ಮೂಗು ಏರಿಸ್ತೀನಕ್ಕಾ, ಅವ್ವನಂಗ!"

ನಿಮ್ಮ ಮಕ್ಕಳೋ ತಂಗಿಯರೋ ಊರಲ್ಲಿ ಇಂಥ ಮನೆ ನೋಡುತ್ತಿದ್ದರೆ ಇಷ್ಟು ಹೇಳಿ: ಒಳಗಿನ ಅಳತೆಯನ್ನು ನೀವೇ ಹಿಡಿಯಿರಿ. ಮಳೆ ಬಂದ ಮರುದಿನ ಇನ್ನೊಮ್ಮೆ ನೋಡಿ. ಜಾಗದಲ್ಲಿ ಬರುವ ಅವಿಭಜಿತ ಪಾಲು ಎಷ್ಟು ಅಂತ ಕ್ರಯಪತ್ರದಲ್ಲಿ ಓದಿಸಿ. ಋಣಭಾರ ಪತ್ರ ತೆಗೆಸಿ. ಬೆಂಗಳೂರಿನಲ್ಲಾದರೆ ಇ-ಖಾತಾ ಇದೆಯೇ ಅಂತ ಕೇಳಿ. 2024ರಿಂದ ಅದಿಲ್ಲದೆ ನೋಂದಣಿ ಆಗದು. ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ. ಕನ್ನಡಿ, ದೀಪ, ಮಡಿಸುವ ಮಂಚಗಳಿಗೆ ಎಷ್ಟು ಕೊಡುತ್ತಿದ್ದೇವೆ, ಇಟ್ಟಿಗೆ ಮಣ್ಣಿಗೆ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಹಾಕಿ. ಅಲಂಕಾರ ಹತ್ತು ವರ್ಷಕ್ಕೆ ಹಳತಾದೀತು, ಸಾಲ ಇಪ್ಪತ್ತು ವರ್ಷ ಇರುತ್ತದೆ.

ಮತ್ತೆ, ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆ ದಲ್ಲಾಳಿಗೆ ನಗು ತರಿಸಬಹುದು. ತರಿಸಲಿ ಬಿಡಿ. ಆ ಮನೆಯಲ್ಲಿ ರೊಟ್ಟಿ ಬಡಿಯಬೇಕಾದವರು ನಾವಲ್ಲವೇ?