ಮಡಹಾಗಲದ ಗಂಡು ಬಳ್ಳಿ ಕೀಳಬೇಡಿ

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಸಂತೆಗಳಿಗೆ ಮಡಹಾಗಲ ಬರುತ್ತದೆ. ಬರುವುದೇ ಒಂದೆರಡು ಬುಟ್ಟಿ, ಅದೂ ಸಂತೆ ಏರುವ ಮೊದಲೇ ಖಾಲಿ. ಬೆಲೆ ಕೇಳಿದರೆ ಬೀನ್ಸೇ ಅಗ್ಗ ಅನಿಸುತ್ತದೆ. ಹಾಗಲದ ಜಾತಿಯೇ ಆದರೂ ಇದಕ್ಕೆ ಕಹಿಯಿಲ್ಲ. ಮೈತುಂಬ ಮೆತ್ತನೆಯ ಮುಳ್ಳು. ಎಳೆಯದಿದ್ದಾಗ ಬೀಜ ಸಮೇತ ಹೆಚ್ಚಿ ಪಲ್ಯ ಮಾಡಬಹುದು.

ಹಿಂದೆ ಇದು ಹಿತ್ತಲ ಬೇಲಿಯಲ್ಲಿ ತಾನಾಗೇ ಹಬ್ಬುತ್ತಿತ್ತು. ಈಗ ಮನೆಯಲ್ಲಿ ಬೆಳೆಯಲು ಆಸೆಪಡುವವರು ಬಹಳ. ಆದರೆ ವರದಿಗೆಂದು ಊರೂರು ತಿರುಗುವಾಗ ನಾವು ಕೇಳುವ ಮಾತು ಒಂದೇ: "ಬಳ್ಳಿ ಚೆನ್ನಾಗಿ ಬಂತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಒಂದೂ ಇಲ್ಲ. ಕಿತ್ತು ಬಿಸಾಡಿದೆವು."

ಕಾಯಿ ಆಗದಿರಲು ಕಾರಣವಿದೆ. ಕುಂಬಳ, ಸೌತೆಯಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಇರುತ್ತವೆ. ಮಡಹಾಗಲದಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಹೂವಿನ ಬುಡದಲ್ಲಿ ಮುಳ್ಳುಮುಳ್ಳಾದ ಪುಟ್ಟ ಮಿಡಿ ಇದ್ದರೆ ಅದು ಹೆಣ್ಣು. ಮಿಡಿಯಿಲ್ಲದೆ, ಎಲೆಯಂಥ ಚಿಕ್ಕ ದೊನ್ನೆ ಹೂವನ್ನು ಹಿಡಿದುಕೊಂಡಿದ್ದರೆ ಗಂಡು. ಗಂಡು ಬಳ್ಳಿ ಎಂದೂ ಕಾಯಿ ಬಿಡುವುದಿಲ್ಲ. ಆದರೆ ಅದನ್ನು ಕಿತ್ತರೆ ಸುತ್ತಲಿನ ಹೆಣ್ಣು ಬಳ್ಳಿಗಳೂ ಬರಡು.

ನಮ್ಮ ಓಣಿಯಲ್ಲಿ ಇದ್ದದ್ದು ಒಂದೇ ಗಂಡು ಬಳ್ಳಿ, ಅದೂ ಪಕ್ಕದ ಮನೆಯ ಬೇಲಿಯಲ್ಲಿ. ಕಳೆದ ಬೇಸಿಗೆಯಲ್ಲಿ ಅವರು ಬೇಲಿ ತೆಗೆಸಿ ಕಾಂಪೌಂಡ್ ಕಟ್ಟಲು ಹೊರಟರು. ಬೇಸಿಗೆಯಲ್ಲಿ ಮಡಹಾಗಲದ ಬಳ್ಳಿ ಪೂರ್ತಿ ಒಣಗಿ, ಗೆಡ್ಡೆ ಮಾತ್ರ ಮಣ್ಣೊಳಗೆ ಉಳಿದಿರುತ್ತದೆ. ಅಲ್ಲೊಂದು ಬಳ್ಳಿ ಇತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ಮನೆಯ ಅಜ್ಜಿ ಬುಡಕ್ಕೆ ಕಲ್ಲಿಟ್ಟು ಗುರುತು ಮಾಡಿದ್ದರಿಂದ ಜೆಸಿಬಿ ಬರುವ ಮೊದಲೇ ಗೆಡ್ಡೆ ಅಗೆದು ತರಲು ಸಾಧ್ಯವಾಯಿತು. ಒಂದು ದಿನ ತಡವಾಗಿದ್ದರೆ ಓಣಿಯ ಐದು ಮನೆಗಳ ಹೆಣ್ಣು ಬಳ್ಳಿಗಳಿಗೆ ಜೊತೆಯೇ ಇರುತ್ತಿರಲಿಲ್ಲ.

ಮೊದಲ ಮಳೆಗೆ ಗೆಡ್ಡೆ ಚಿಗುರಿತು. ಈಗ ನಮ್ಮ ಹಿತ್ತಲಲ್ಲಿ ಒಳ್ಳೆಯ ಚಪ್ಪರ ಸಿಕ್ಕಿರುವುದು ಕಾಯಿ ಬಿಡದ ಆ ಬಳ್ಳಿಗೇ. ಹಳದಿ ಹೂ ಅರಳುವುದು ಸಂಜೆ ಹೊತ್ತು. ಮಳೆ ಜೋರಿದ್ದರೆ ಪತಂಗ ಬರುವುದಿಲ್ಲ. ಆಗ ನಾವೇ ಟಾರ್ಚ್ ಹಿಡಿದು ಹೋಗಿ, ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರುತ್ತೇವೆ. ಪಕ್ಕದ ಮನೆಯವರೂ ಬಂದು ನಾಲ್ಕು ಹೂ ಒಯ್ಯುತ್ತಾರೆ.

ಬೀಜ ಬಿತ್ತಿದರೆ ಗಂಡೋ ಹೆಣ್ಣೋ ಎಂದು ಹೂ ಬಿಡುವವರೆಗೂ ತಿಳಿಯದು. ಗೆಡ್ಡೆ ನೆಟ್ಟರೆ ತಾಯಿಬಳ್ಳಿ ಯಾವುದೋ ಅದೇ ಬರುತ್ತದೆ. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಸಾಕು. ಅಂದರೆ ಪ್ರತಿ ಮನೆಗೂ ಗಂಡು ಬಳ್ಳಿ ಬೇಕಿಲ್ಲ, ಓಣಿಗೆ ಒಂದಿದ್ದರೆ ಆಯಿತು. ಕಾಡಿಗೆ ಹೋಗಿ ಗೆಡ್ಡೆ ಅಗೆಯುವ ಬದಲು ನೆರೆಮನೆಯವರನ್ನು ಕೇಳಿ.

ನಿಮ್ಮ ಹಿತ್ತಲಲ್ಲಿ ಹೂವಷ್ಟೇ ಬಿಡುವ ಬಳ್ಳಿಯಿದ್ದರೆ ಈ ಸಲ ಕೀಳಬೇಡಿ. ಹೂ ನೋಡಿ, ಬಳ್ಳಿಗೆ ಒಂದು ದಾರ ಕಟ್ಟಿ, ಒಣಗುವ ಮೊದಲು ಬುಡಕ್ಕೊಂದು ಕಲ್ಲಿಡಿ. ಓಣಿಯಲ್ಲಿ ಯಾರ ಮನೆಯಲ್ಲಿ ಹೆಣ್ಣು ಬಳ್ಳಿಯಿದೆ ಎಂದು ವಿಚಾರಿಸಿ.